ಚೆಸ್‌ನಲ್ಲಿ ಕಿಂಗ್ಸ್ ಗಾಂಬಿಟ್ ಆಡುವವರಿಗೆ ಕಪ್ಪು ಕಾಯಿಯಿಂದ ಏನು ಉತ್ತರ ಕೊಡಬೇಕು?

ಕುದುರೆಲಾಳ: ನಮ್ಮ ಕ್ಲಬ್‌ನಲ್ಲಿ ಒಬ್ಬರಿದ್ದಾರೆ, ಬಿಳಿ ಸಿಕ್ಕರೆ ಸಾಕು 1. ಇ4 ಇ5 2. ಎಫ್4 (ಅಕ್ಷರ, ಅಂಕೆ ಸೇರಿದರೆ ಬೋರ್ಡಿನ ಒಂದು ಮನೆ). ಎರಡನೇ ನಡೆಗೇ ಪಾನ್ (ಕಾಲಾಳು) ಬಿಟ್ಟುಕೊಡುತ್ತಾರೆ, ಅದೇ ಕಿಂಗ್ಸ್ ಗಾಂಬಿಟ್. ನಾನು ಹೊಡೆಯುತ್ತೇನೆ, ಜಿ5 ಆಡಿ ಅದನ್ನು ಉಳಿಸಿಕೊಳ್ಳಲು ನೋಡುತ್ತೇನೆ, ಅಷ್ಟರಲ್ಲಿ ಅವರ ಕಾಯಿಗಳೆಲ್ಲ ನನ್ನ ರಾಜನ ಸುತ್ತ ಬಂದಿರುತ್ತವೆ. ಕಪ್ಪು ಏನು ಮಾಡಬೇಕು?

ಮಲ್ಲೇಶ್ವರದ ಆನೆ: ಉತ್ತರ 1961ರಲ್ಲೇ ಬಂದಿದೆ. ಮುಂದೆ ವಿಶ್ವ ಚಾಂಪಿಯನ್ ಆದ ಬಾಬಿ ಫಿಷರ್ ಒಂದು ಲೇಖನ ಬರೆದು ಈ ಗಾಂಬಿಟ್‌ನ ಕಥೆ ಮುಗಿಸಿದ. ಪಾನ್ ಹೊಡೆಯಿರಿ, 3. ಕುದುರೆ ಎಫ್3 ಬಂದರೆ ತಕ್ಷಣ ಜಿ5 ಬೇಡ, ಡಿ6 ಆಡಿ. ಆಗ ಬಿಳಿ ಕುದುರೆಗೆ ಇ5 ಮನೆ ಸಿಗುವುದಿಲ್ಲ. ಜಿ5 ಆಮೇಲೆ. ಇವತ್ತಿಗೂ ಎಫ್4 ಆಡುವವರು ಎದುರಿನವರು ಏನೂ ಓದಿಲ್ಲ ಅನ್ನುವ ಧೈರ್ಯದಲ್ಲಿ ಆಡುತ್ತಾರೆ, ಅಷ್ಟೇ.

ಎಫ್4 ಭಕ್ತ: "ಕಥೆ ಮುಗಿಸಿದ" ಅಂತೆ! ಮುಗಿಸಿದವನೇ ಆಮೇಲೆ ಯಾಕೆ ಆಡಿದ ಸ್ವಾಮಿ? 1963-64ರ ಅಮೆರಿಕ ಚಾಂಪಿಯನ್‌ಶಿಪ್‌ನಲ್ಲಿ ಲ್ಯಾರಿ ಇವಾನ್ಸ್ ಎದುರು ಅದನ್ನೇ ಆಡಿ ಗೆದ್ದ. 1960ರಲ್ಲಿ ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾದಲ್ಲಿ ಸೋವಿಯತ್ ಆಟಗಾರ ಸ್ಪಾಸ್ಕಿ ಇದೇ ಗಾಂಬಿಟ್ ಆಡಿ ಅವನನ್ನು ಸೋಲಿಸಿದ್ದ, ಮುಂದಿನ ವರ್ಷ ಲೇಖನ ಬಂತು. ಸೋತ ಸಿಟ್ಟಿನಲ್ಲಿ ಬರೆದದ್ದನ್ನು ವೇದವಾಕ್ಯ ಮಾಡಬೇಡಿ.

ಮಲ್ಲೇಶ್ವರದ ಆನೆ: "ಅದನ್ನೇ" ಆಡಲಿಲ್ಲ. ಇವಾನ್ಸ್ ಎದುರು ಮೂರನೇ ನಡೆ ಬಿಷಪ್ ಸಿ4. ಲೇಖನದಲ್ಲಿ ಮುರಿದಿದ್ದು ಕುದುರೆ ಎಫ್3. ಎರಡೂ ಬೇರೆ. ಇಷ್ಟೂ ಗೊತ್ತಿಲ್ಲದೆ ಭಕ್ತ ಅಂತ ಹೆಸರು ಬೇರೆ.

ಎಫ್4 ಭಕ್ತ: ಹೆಸರಿನ ಸುದ್ದಿ ಬೇಡ. ಲೇಖನದಲ್ಲಿ ಅವನು ಸೋಲುತ್ತದೆ ಅಂದಿದ್ದು ಇಡೀ ಕಿಂಗ್ಸ್ ಗಾಂಬಿಟ್ಟನ್ನು. ಬಿಳಿ ಬೇರೆ ಥರ ಆಡಬಹುದು, ಆದರೆ ಆಗ ಬೇರೆ ಥರ ಸೋಲುತ್ತಾನೆ ಅಂತ ಕೊಂಕು ಕೂಡ ಸೇರಿಸಿದ್ದಾನೆ. ಆ ಲೆಕ್ಕದಲ್ಲಿ ಬಿಷಪ್ ಸಿ4 ಆಡಿ ಅವನೂ ಸೋಲಬೇಕಿತ್ತಲ್ವಾ? 1968ರಲ್ಲಿ ಯುಗೊಸ್ಲಾವಿಯಾದ ವಿಂಕೋವ್ಚಿ ಟೂರ್ನಿಯಲ್ಲೂ ಆಡಿದ.

ಬೈಟು ಬೋರ್ಡ್: ಫಿಷರ್ ಯಾಕೆ ಬೇಕು, ಕಂಪ್ಯೂಟರ್ 2012ರಲ್ಲೇ ಇದನ್ನು ಪೂರ್ತಿ ಬಿಡಿಸಿದೆ. ರಿಬ್ಕಾ ಎಂಜಿನ್ (ಚೆಸ್ ಆಡುವ ಪ್ರೋಗ್ರಾಂ) ಬರೆದ ವಾಸಿಕ್ ರಾಜ್ಲಿಕ್ ಚೆಸ್‌ಬೇಸ್ ಸೈಟಿನಲ್ಲಿ ಹೇಳಿದ್ದರು. ಪಾನ್ ಹೊಡೆದ ಮೇಲೆ 3. ಬಿಷಪ್ ಇ2 ಒಂದೇ ಡ್ರಾ, ಉಳಿದದ್ದೆಲ್ಲ ಬಿಳಿಗೆ ಸೋಲು.

ಕೊನೆಯಾಟ: ಅಯ್ಯೋ, ಅದು ಏಪ್ರಿಲ್ ಫೂಲ್! ಆಮೇಲೆ ಅವರೇ ಒಪ್ಪಿಕೊಂಡರು. ಬೋರ್ಡ್ ಮೇಲೆ 7 ಕಾಯಿ ಉಳಿದ ಆಟಗಳ ತನಕ ಮಾತ್ರ ಪೂರ್ತಿ ಲೆಕ್ಕ ಸಿಕ್ಕಿದೆ. ಇಲ್ಲಿ 31 ಕಾಯಿ ಇವೆ, ಯಾರು ಬಿಡಿಸುತ್ತಾರೆ?

ಬೈಟು ಬೋರ್ಡ್: ಫೂಲೋ ಪಾಲೋ, ಎಂಜಿನ್ ಹಾಕಿ ನೋಡಿ. ಇವತ್ತೂ ಕಪ್ಪೇ ಮುಂದೆ ಅನ್ನುತ್ತದೆ.

ಎಫ್4 ಭಕ್ತ: ಅಂದರೆ ನಿಮಗೆ ಇಷ್ಟು ದಿನ ತಮಾಷೆಯೇ ಪ್ರಮಾಣ 😂 ಮತ್ತೆ "ಕಪ್ಪೇ ಮುಂದೆ" ಅಂದರೆ ಏನು, ನಿಮ್ಮೆದುರು ಸ್ಟಾಕ್‌ಫಿಶ್ ಎಂಜಿನ್ ಬಂದು ಕೂರುತ್ತದಾ? 2010ರಲ್ಲಿ ರೊಮೇನಿಯಾದಲ್ಲಿ ಕಾರ್ಲ್‌ಸನ್ ಇದನ್ನು ವಾಂಗ್ ಯುಯೆ ಎದುರು ಆಡಿ ಗೆದ್ದರು. 1851ರಲ್ಲಿ ಆಂಡರ್ಸನ್ ರಾಣಿ, ಎರಡು ಆನೆ, ಬಿಷಪ್ ಎಲ್ಲ ಕೊಟ್ಟು ಕೀಸೆರಿಟ್ಸ್ಕಿಗೆ ಮೇಟ್ ಹಾಕಿದ್ದೂ ಕಿಂಗ್ಸ್ ಗಾಂಬಿಟ್‌ನಲ್ಲೇ.

ಕೊನೆಯಾಟ: 1851ರದ್ದು ಟೂರ್ನಿ ಆಟವೇ ಅಲ್ಲ, ಲಂಡನ್‌ನಲ್ಲಿ ಬಿಡುವಿನಲ್ಲಿ ಆಡಿದ್ದು. ಕೀಸೆರಿಟ್ಸ್ಕಿ ಸಿಕ್ಕಿದ್ದನ್ನೆಲ್ಲ ತಿಂದ, ಕಾಯಿ ಹೊರಗೆ ತರಲಿಲ್ಲ. ಇನ್ನು ವಾಂಗ್ ಯುಯೆ ಎರಡನೇ ನಡೆಗೆ ಪಾನ್ ಹೊಡೆಯಲೇ ಇಲ್ಲ, ಡಿ5 ಆಡಿದರು. ಅದನ್ನು ಹೇಳದೆ ಬಿಟ್ಟಿರಿ.

ಎಫ್4 ಭಕ್ತ: "ಬಿಡುವಿನಲ್ಲಿ" ಅಂತೆ. ನೂರೆಪ್ಪತ್ತು ವರ್ಷದಿಂದ ಜನ ನೋಡುತ್ತಿರುವ ಆಟ. ನಿಮ್ಮ ಯಾವ ಆಟವನ್ನು ಯಾರು ನೆನಪಿಟ್ಟಿದ್ದಾರೆ?

ಕುದುರೆಲಾಳ: ಸಾರ್, ನನಗೆ ಶನಿವಾರ ಅವರ ಜೊತೆ ಆಟ ಇದೆ. ಫಿಷರ್ ಪುರಾಣ ಸಾಕು. ಏನು ಆಡಲಿ?

ಶಾಂತಮ್ಮನ ಚೆಸ್: ಹೊಡೆಯಲೇ ಬೇಡಿ ಮಗಾ. ಎರಡನೇ ನಡೆ ಬಿಷಪ್ ಸಿ5. ಆ ಬಿಷಪ್ ಜಿ1 ಮನೆಯನ್ನು ನೋಡುತ್ತಿರುವ ತನಕ ಅವರು ಆ ಕಡೆ ಕ್ಯಾಸಲ್ ಮಾಡಲು (ರಾಜನನ್ನು ಆನೆಯ ಕಡೆ ಸರಿಸಿ ಭದ್ರ ಮಾಡಲು) ಆಗುವುದಿಲ್ಲ. ಆಸೆಪಟ್ಟು ಇ5 ಪಾನ್ ಹೊಡೆದರೆ ರಾಣಿ ಎಚ್4 ಚೆಕ್. ಜಿ3 ಆಡಿದರೆ ರಾಣಿ ಇ4 ಹೊಡೆದು ಮತ್ತೆ ಚೆಕ್, ಜೊತೆಗೆ ಎಚ್1ರ ಆನೆಯೂ ಹೋಯಿತು. ರಾಜ ಇ2ಗೆ ಬಂದರೆ ರಾಣಿ ಇ4, ಅಲ್ಲೇ ಮೇಟ್. ಗೊತ್ತಿರುವವರು ಕುದುರೆ ಎಫ್3 ಆಡುತ್ತಾರೆ. ಆಗ ಡಿ6 ಆಡಿ ನಿಧಾನವಾಗಿ ಕಾಯಿ ಹೊರಗೆ ತನ್ನಿ.

ಮಲ್ಲೇಶ್ವರದ ಆನೆ: "ಹೊಡೆಯಲೇ ಬೇಡಿ" ಅನ್ನುವುದು ಹೆದರಿಕೆ ಮೇಡಂ. ಗಾಂಬಿಟ್ ಮುರಿಯಬೇಕಾದರೆ ಮೊದಲು ಒಪ್ಪಿಕೊಳ್ಳಬೇಕು.

ಶಾಂತಮ್ಮನ ಚೆಸ್: ಶನಿವಾರ ಆಡುವುದು ನೀವಲ್ಲ, ಆ ಹುಡುಗ. ಪಾನ್ ಹೊಡೆದು ಹೊಡೆದೇ ಸೋಲುತ್ತಿದ್ದಾನೆ, ಮೇಲೆ ಬರೆದಿದ್ದಾನಲ್ಲ, ಓದಿ.

ಎಫ್4 ಭಕ್ತ: ಆನೆಯವರಿಗೆ ಹೆದರಿಕೆ ಇಲ್ಲವಂತೆ. ಬನ್ನಿ, ಆನ್‌ಲೈನ್‌ನಲ್ಲಿ 5 ನಿಮಿಷದ ಆಟ. ನಾನು ಬಿಳಿ, ನೀವು ನಿಮ್ಮ ಫಿಷರ್ ಡಿ6 ಆಡಿ.

ಮಲ್ಲೇಶ್ವರದ ಆನೆ: 5 ನಿಮಿಷದಲ್ಲಿ ಏನು ಆಡಿದರೂ ಗೆಲ್ಲಬಹುದು. ತಾಕತ್ತಿದ್ದರೆ 90 ನಿಮಿಷ ಇಡಿ.

ಎಫ್4 ಭಕ್ತ: 90 ನಿಮಿಷ ಕೂರಲು ನನಗೇನು ಬೇರೆ ಕೆಲಸ ಇಲ್ವಾ?