ಕನ್ನಡ ಹೆಸರು ಕಣ್ಣಿಗೆ ಒಂದೇ, ಹುಡುಕಿದರೆ ಸಿಗಲ್ಲ: ಆನ್‌ಲೈನ್ ಅರ್ಜಿ ಸೇವೆಯಲ್ಲಿ ಎಲ್ಲಿ ಎಡವಟ್ಟು?

ಟಪಾಲು_ಶಾಖೆ:
ಪ್ರಮಾಣಪತ್ರ ಕೊಡುವ ಸೇವೆ. ಅರ್ಜಿಗಳು ಫೋನಿನಿಂದಲೂ ಬರುತ್ತವೆ, ಗ್ರಾಮ ಒನ್ ಕೇಂದ್ರಗಳಿಂದಲೂ ಬರುತ್ತವೆ. ಹಳೆಯ ದಾಖಲೆಗಳನ್ನು ನುಡಿ ತಂತ್ರಾಂಶದ ಹಳೆಯ ಫಾಂಟ್‌ನಿಂದ ಯೂನಿಕೋಡ್‌ಗೆ ಪರಿವರ್ತಿಸಿ ಸೇರಿಸಲಾಗಿದೆ. ಡೇಟಾಬೇಸ್ ಪೋಸ್ಟ್‌ಗ್ರೆಸ್ 14. ತೊಂದರೆಗಳು ಇವು: "ಮೂರ್ತಿ" ಎಂದು ಹುಡುಕಿದರೆ ಅರ್ಧ ಮೂರ್ತಿಗಳು ಸಿಗುವುದೇ ಇಲ್ಲ. ಸರಿಯಾದ ಹೆಸರು ಬರೆದರೂ ಫಾರಂ "ಅಕ್ಷರಗಳನ್ನು ಮಾತ್ರ ನಮೂದಿಸಿ" ಎನ್ನುತ್ತದೆ. ಆಧಾರ್ ಮತ್ತು ಪಹಣಿಯ ಹೆಸರು ತಾಳೆಯಾಗದೆ ಅರ್ಜಿಗಳು ತಿರಸ್ಕೃತವಾಗುತ್ತಿವೆ. ಇದರ ಮೇಲೆ ಎಸ್‌ಎಂಎಸ್ ಬಿಲ್ ಬೇರೆ, ಲೆಕ್ಕ ಹಾಕಿದ್ದಕ್ಕಿಂತ ಬಹಳ ಹೆಚ್ಚು. ಎಲ್ಲಿಂದ ಶುರು ಮಾಡಬೇಕು?

ಸೊನ್ನೆ_ಸುತ್ತು:
ಮೊದಲು ನೂರು ಹೆಸರು ತೆಗೆದು ಒಂದೊಂದರ ಯೂನಿಕೋಡ್ ಸಂಖ್ಯೆಗಳನ್ನು (ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಇರುತ್ತದೆ) ಬಿಡಿಸಿ ನೋಡಿ. ಮೂರು ಕಳ್ಳರು ಸಿಗುತ್ತಾರೆ.

ಒಂದು, ಅಂಕಿಗಳು. ಸೊನ್ನೆ (ಂ) ಇರಬೇಕಾದ ಕಡೆ ಕನ್ನಡದ ಶೂನ್ಯ ೦, ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು. "ಶ೦ಕರ", "ಮೂತಿ೯". ತೆರೆಯ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಹೆಸರಿನ ಕಾಲಂನಲ್ಲಿ ಅಂಕಿಗೆ ಕೆಲಸವಿಲ್ಲ, ಹಾಗಾಗಿ ೦ ಕಂಡಲ್ಲಿ ಂ ಹಾಕಬಹುದು. ೯ ಅನ್ನು ಮಾತ್ರ ಅಲ್ಲೇ ಬದಲಿಸಿದರೆ "ಮೂತಿರ್" ಆಗುತ್ತದೆ. ಅದನ್ನು "ರ್" ಮಾಡಿ, ಹಿಂದಿನ ಇಡೀ ಅಕ್ಷರವನ್ನು ("ತಿ") ದಾಟಿಸಿ ಅದಕ್ಕಿಂತ ಮೊದಲು ಇಡಬೇಕು. ವಿಳಾಸದ ಕಾಲಂಗೆ ಈ ನಿಯಮ ಹಚ್ಚಬೇಡಿ, "ಮನೆ ನಂ. ೧೦" ಕೆಡುತ್ತದೆ.

ಎರಡು, ದೀರ್ಘ. ಹಳೆಯ ಫಾಂಟ್‌ಗಳಲ್ಲಿ ದೀರ್ಘ ಬೇರೆಯದೇ ಚಿಹ್ನೆ. ಅವಸರದ ಪರಿವರ್ತಕಗಳು ಅದನ್ನು ಹಾಗೇ ಬಿಡುತ್ತವೆ. ಆಗ "ಕೀ"ಯಲ್ಲಿ ಒಂದು ಈತ್ವದ ಬದಲು ಗುಡಿಸು, ಅದರ ಹಿಂದೆ ದೀರ್ಘಚಿಹ್ನೆ ಎಂದು ಎರಡು ಕೂರುತ್ತವೆ. ಇದಕ್ಕೆ ಮದ್ದು ಎನ್‌ಎಫ್‌ಸಿ, ಅಂದರೆ ಹೀಗೆ ಒಡೆದ ಚಿಹ್ನೆಗಳನ್ನು ಒಂದಾಗಿಸುವ ಯೂನಿಕೋಡ್ ರೂಪ. ಪೋಸ್ಟ್‌ಗ್ರೆಸ್‌ನಲ್ಲಿ 13ನೇ ಆವೃತ್ತಿಯಿಂದಲೇ ಇದನ್ನು ಮಾಡುವ ನಾರ್ಮಲೈಸ್ ಫಂಕ್ಷನ್ ಇದೆ. ಹಳೆಯ ದಾಖಲೆಗೆ ಒಮ್ಮೆ ಓಡಿಸಿ, ಹೊಸ ಅರ್ಜಿಗೆ ಸಲ್ಲಿಸುವಾಗಲೇ ಓಡಿಸಿ.

ಮೂರನೆಯದು ಕಣ್ಣಿಗೆ ಕಾಣದ ಜಾಯ್ನರ್, ನಾನ್-ಜಾಯ್ನರ್, ಅಂದರೆ ಅಕ್ಷರಗಳು ಕೂಡಬೇಕೋ ಬೇಡವೋ ಎಂದು ಹೇಳುವ ಸಂಕೇತಗಳು. ಇವನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಕಸ ಎಂದು ಎಲ್ಲವನ್ನೂ ಕಿತ್ತು ಹಾಕಿದರೆ "ರಾಜ್‌ಕುಮಾರ್" ಹೋಗಿ "ರಾಜ್ಕುಮಾರ್" ಆಗುತ್ತದೆ, ಪ್ರಮಾಣಪತ್ರದ ಮೇಲೆ ಹಾಗೇ ಅಚ್ಚಾಗುತ್ತದೆ. ಅರ್ಜಿದಾರರು ಬರೆದದ್ದು ಒಂದು ಕಾಲಂ, ಹುಡುಕಲು ಇನ್ನೊಂದು. ಕೀಳುವುದೇನಿದ್ದರೂ ಎರಡನೆಯದರಲ್ಲಿ ಕೀಳಿ.

ಫಾರಂ ಒಪ್ಪದಿರುವುದಕ್ಕೆ ಕಾರಣ ಬಹುತೇಕ ರೆಗೆಕ್ಸ್, ಅಂದರೆ ಯಾವ ಅಕ್ಷರ ಒಪ್ಪಬೇಕು ಎಂದು ಫಾರಂಗೆ ಬರೆದ ನಿಯಮ. ಯೂನಿಕೋಡ್ ಲೆಕ್ಕದಲ್ಲಿ ಕ, ಮ, ತ ಅಕ್ಷರಗಳು. ಕಾಗುಣಿತದ ಚಿಹ್ನೆಗಳು, ಹಲಂತ, ಸೊನ್ನೆ ಇವೆಲ್ಲ "ಮಾರ್ಕ್" ವರ್ಗ. ಅಕ್ಷರ ವರ್ಗವೊಂದನ್ನೇ ಒಪ್ಪುವ ರೆಗೆಕ್ಸ್ "ಕಮಲ"ಳನ್ನು ಬಿಟ್ಟುಕೊಂಡು "ಗೀತಾ"ಳನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಮಾರ್ಕ್ ವರ್ಗ, ಸ್ಪೇಸ್, ಇನಿಷಿಯಲ್‌ಗೆ ಚುಕ್ಕಿ, ಆ ಎರಡು ಜಾಯ್ನರ್‌ಗಳು, ಇಷ್ಟನ್ನೂ ಸೇರಿಸಿ.

ವಿಷಯ_ನಿರ್ವಾಹಕ:
ಮೇಲಿನದೆಲ್ಲ ಆದ ಮೇಲೂ ಪಹಣಿ–ಆಧಾರ್ ತಾಳೆಯಾಗುವುದಿಲ್ಲ, ಅದು ಬೇರೆಯದೇ ಸಮಸ್ಯೆ. ಪಹಣಿಯಲ್ಲಿ "ಕೃಷ್ಣಪ್ಪ ಬಿನ್ ಮುನಿಶಾಮಪ್ಪ" ಎಂದಿರುತ್ತದೆ, ಆಧಾರ್‌ನಲ್ಲಿ "ಕೃಷ್ಣಪ್ಪ ಎಂ". ಹೆಣ್ಣುಮಕ್ಕಳದಾದರೆ "ಕೋಂ" ಎಂದು ಗಂಡನ ಹೆಸರು. ಬಿನ್, ಕೋಂ ಕಂಡಲ್ಲಿ ಹೆಸರನ್ನು ಎರಡಾಗಿ ಒಡೆದು, ಮೊದಲ ಭಾಗವನ್ನಷ್ಟೇ ಹೆಸರಿನ ಜೊತೆ ಹೋಲಿಸಿ. ಎರಡನೆಯ ಭಾಗವನ್ನು ತಂದೆ ಅಥವಾ ಗಂಡನ ಹೆಸರಿನ ಜೊತೆ ನೋಡಿ.

ಹೋಲಿಕೆಗೆ ಒಂದು ಸಡಿಲ ರೂಪ ಮಾಡಿಕೊಳ್ಳಿ: ಶ, ಷ ಎರಡೂ ಸ; ಳ ಎಂಬುದು ಲ; ಣ ಎಂಬುದು ನ; ಮಹಾಪ್ರಾಣಗಳೆಲ್ಲ ಅಲ್ಪಪ್ರಾಣ; ದೀರ್ಘಗಳು ಹ್ರಸ್ವ; ಕೊನೆಯ ಹಲಂತ ಬಿಡಿ, ವೆಂಕಟೇಶ್ ಮತ್ತು ವೆಂಕಟೇಶ ಒಂದೇ ಆಗಲಿ. ಶುರುವಿನ "ಯ"ವನ್ನು "ಎ" ಮಾಡಿದರೆ ಯಲ್ಲಮ್ಮ, ಎಲ್ಲಮ್ಮ ಇಬ್ಬರೂ ಸೇರುತ್ತಾರೆ. "ಯಶೋದ" ವಿಚಿತ್ರವಾಗಿ ಕಾಣುತ್ತದೆ, ಆದರೆ ಎರಡೂ ಕಡೆ ಅದೇ ನಿಯಮ ಇರುವುದರಿಂದ ನಷ್ಟವಿಲ್ಲ.

ಇಷ್ಟು ಸಡಿಲ ಮಾಡಿದ ರೂಪ ಹುಡುಕಲು ಮಾತ್ರ. ಇದರ ಮೇಲೆ ಕಂಪ್ಯೂಟರ್ ತಾನೇ ಮಂಜೂರು ಮಾಡಬಾರದು, ತಾನೇ ತಿರಸ್ಕರಿಸಲೂಬಾರದು. ಒಂದೇ ಊರಲ್ಲಿ ನಾಲ್ಕು ಮಂದಿ ಕೃಷ್ಣಪ್ಪ ಇರುತ್ತಾರೆ. ಎರಡೂ ಹೆಸರನ್ನು ಅಕ್ಕಪಕ್ಕ ತೋರಿಸಿ, ವ್ಯತ್ಯಾಸವನ್ನು ಬಣ್ಣದಲ್ಲಿ ಗುರುತಿಸಿ, "ಒಬ್ಬರೇ" ಎಂದು ಷರಾ ಬರೆದು ಒಪ್ಪುವ ಗುಂಡಿ ಕೊಡಿ. ಈಗಿನ ಪರದೆಯಲ್ಲಿ "ತಿರಸ್ಕರಿಸು" ಒಂದು ಕ್ಲಿಕ್, "ಪರಿಶೀಲಿಸು" ಐದು ಕ್ಲಿಕ್ ಇರಬಹುದು, ನೋಡಿ. ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಕಾಯ್ದೆಯಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಗಡುವಿನ ದಿನ ಸಂಜೆ ಯಾವ ಗುಂಡಿ ಒತ್ತುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ.

ರೈತರಿಗೆ ಸಂಬಂಧಿಸಿದ ಸೇವೆಯಾದರೆ ಫ್ರೂಟ್ಸ್‌ನ (ರಾಜ್ಯದ ರೈತರ ನೋಂದಣಿ ತಂತ್ರಾಂಶ) ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಕೇಳಿ. ಅಲ್ಲಿ ಆಧಾರ್ ಮತ್ತು ಜಮೀನು ಆಗಲೇ ಜೋಡಣೆಯಾಗಿರುತ್ತದೆ, ಹೆಸರಿನ ಗೋಜೇ ಬೇಡ.

ಎಪ್ಪತ್ತರ_ಲೆಕ್ಕ:
ಎಸ್‌ಎಂಎಸ್ ಬಿಲ್: ಒಂದು ಸಂದೇಶದ ಮಿತಿ ಇಂಗ್ಲಿಷ್‌ಗೆ 160 ಅಕ್ಷರ, ಕನ್ನಡಕ್ಕೆ 70. ಉದ್ದವಾಗಿ ತುಂಡಾದರೆ ಪ್ರತಿ ತುಂಡಿಗೆ 67, ಬಿಲ್ ತುಂಡಿನ ಲೆಕ್ಕದಲ್ಲಿ. ಈ ಎಣಿಕೆ ನಮ್ಮ ಅಕ್ಷರದ್ದಲ್ಲ, ಯೂನಿಕೋಡ್ ಸಂಕೇತದ್ದು. "ಕೃಷ್ಣಮೂರ್ತಿ" ಕಣ್ಣಿಗೆ ನಾಲ್ಕಕ್ಷರ, ಲೆಕ್ಕಕ್ಕೆ 11. "ನಿಮ್ಮ ಅರ್ಜಿ ತಿರಸ್ಕೃತವಾಗಿದೆ" ಎನ್ನುವಷ್ಟರಲ್ಲಿ 26 ಮುಗಿದವು. ಸಕಾಲದ ಸಂಖ್ಯೆಗೆ ಇನ್ನು 15. ಇಂಗ್ಲಿಷ್ ಟೆಂಪ್ಲೇಟ್ ಒಳಗೆ ಕನ್ನಡ ಹೆಸರು ತೂರಿಸಿದ್ದರಂತೂ ಇಡೀ ಸಂದೇಶ 70ರ ಲೆಕ್ಕಕ್ಕೆ ಬೀಳುತ್ತದೆ. ನಿಮ್ಮ ಬಿಲ್ ಉಬ್ಬಿರುವುದು ಅಲ್ಲೇ ಇರಬಹುದು.

ಹೆಸರು, ಯೋಜನೆಯ ಪೂರ್ತಿ ಶೀರ್ಷಿಕೆ, "ಗೌರವಾನ್ವಿತರೇ" ಎಲ್ಲ ತೆಗೆಯಿರಿ. ಸಂಖ್ಯೆ, ಏನಾಯಿತು, ಮುಂದೇನು ಮಾಡಬೇಕು, ಮೂರೇ ಸಾಕು. ಕನ್ನಡ ಬಿಟ್ಟು ಇಂಗ್ಲಿಷ್‌ಗೆ ಹೋಗುವ ಉಳಿತಾಯ ಮಾತ್ರ ಬೇಡ. ಸಂದೇಶ ಅರ್ಥವಾಗದವರು ಕಚೇರಿಗೇ ಬರುತ್ತಾರೆ. ಬದಲಿಸಿದ ಪಠ್ಯವನ್ನು ಡಿಎಲ್‌ಟಿಯಲ್ಲಿ (ಎಸ್‌ಎಂಎಸ್ ಪಠ್ಯಗಳ ನೋಂದಣಿ ವ್ಯವಸ್ಥೆ) ಮತ್ತೆ ನೋಂದಾಯಿಸಲು ಮರೆಯಬೇಡಿ, ಇಲ್ಲದಿದ್ದರೆ ಸಂದೇಶ ಹೋಗುವುದೇ ಇಲ್ಲ.

ಟಪಾಲು_ಶಾಖೆ:
ರೆಗೆಕ್ಸ್ ವಿಷಯ ನಿಜ, "ಕಮಲ" ದಾಟಿತು, "ಗೀತಾ" ನಿಂತಿತು. ಇನ್ನೊಂದು ಪ್ರಶ್ನೆ. ಪಿಡಿಎಫ್ ಪ್ರಮಾಣಪತ್ರದಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬರುತ್ತಿದೆ. ಫಾಂಟ್ ಬದಲಿಸಿದರೂ ಅಷ್ಟೇ.

ಸೊನ್ನೆ_ಸುತ್ತು:
ಫಾಂಟ್ ತಪ್ಪಲ್ಲ. ನಿಮ್ಮ ಪಿಡಿಎಫ್ ಲೈಬ್ರರಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆಯೇ ಹೊರತು ಜೋಡಿಸುವುದಿಲ್ಲ. ಅಕ್ಷರ ಜೋಡಿಸುವ ತಂತ್ರಾಂಶವಾದ ಹಾರ್ಫ್‌ಬಜ್ ಬಳಸುವ ಲೈಬ್ರರಿಗೆ ಹೋಗಿ, ಅಥವಾ ಪ್ರಮಾಣಪತ್ರವನ್ನು ಎಚ್‌ಟಿಎಂಎಲ್ ಮಾಡಿ ಹೆಡ್‌ಲೆಸ್ ಕ್ರೋಮ್‌ನಿಂದ (ಪರದೆಯಿಲ್ಲದೆ ಓಡುವ ಕ್ರೋಮ್) ಪಿಡಿಎಫ್ ತೆಗೆಯಿರಿ. ಫಾಂಟ್ ಫೈಲ್ ಡಾಕರ್ ಇಮೇಜ್ (ಸರ್ವರ್‌ನಲ್ಲಿ ಓಡುವ ತಂತ್ರಾಂಶದ ಕಟ್ಟು) ಒಳಗೇ ಇರಲಿ, ಇಮೇಜ್ ಬದಲಾದ ದಿನ ಎಲ್ಲ ಚೌಕ ಡಬ್ಬಿಗಳಾಗಿ ಬರುವುದು ಅದಿಲ್ಲದೆ. "ಕೃಷ್ಣಮೂರ್ತಿ, ಶ್ರೀಲಕ್ಷ್ಮಿ, ಜ್ಯೋತ್ಸ್ನಾ, ರಾಜ್‌ಕುಮಾರ್", ಈ ನಾಲ್ಕು ಹೆಸರಿನ ಪ್ರಮಾಣಪತ್ರವನ್ನು ಪ್ರತಿ ಬಿಡುಗಡೆಗೆ ಮುಂಚೆ ಮುದ್ರಿಸಿ ಕಣ್ಣಿಂದ ನೋಡಿ. ಡಿಜಿಟಲ್ ಸಹಿ ಬಿದ್ದ ಮೇಲೆ ಒಂದು ಒತ್ತು ಸರಿಸಿದರೂ ಸಹಿ ಊರ್ಜಿತವಾಗುವುದಿಲ್ಲ, ಹೊಸದಾಗಿಯೇ ಕೊಡಬೇಕು. ಈಗಾಗಲೇ ಹೋಗಿರುವವುಗಳ ಪಟ್ಟಿ ತೆಗೆದಿಡಿ.