ಪದಚರ್ಚೆ: ವಾಚಿನೊಳಗಿನ ‘ಕಲ್ಲು’ ಆಭರಣ ಆಗುತ್ತದೆಯೇ?

ಗೆಳೆಯರೇ, ನಮಸ್ಕಾರ. ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಒಂದು ಪದದ ಬಗ್ಗೆ ನಿಮ್ಮ ಮಾತು ಕೇಳಬೇಕಿದೆ.

ಅಕ್ಕನ ಮಗನಿಗೆ ಕೆಲಸ ಸಿಕ್ಕಿದೆ. ಮೊದಲ ಸಂಬಳದಲ್ಲಿ ಒಂದು ಒಳ್ಳೆ ವಾಚು ತಗೋಬೇಕು ಅಂತ ಅವನ ಆಸೆ. ಅಂಗಡಿಗೆ ಹೋಗೋ ಮುಂಚೆ ಫೋನಿನಲ್ಲಿ ಒಂದು ವಾಚಿನ ವಿವರ ನೋಡುತ್ತಿದ್ದ. ವಿವರ ಕನ್ನಡದಲ್ಲೇ ಇತ್ತು. ‘17 ಆಭರಣಗಳು, ನೀಲಮಣಿ ಗಾಜು’ ಅಂತ ಬರೆದಿದ್ದರು. “ಮಾಮ, ವಾಚಿನಲ್ಲಿ ಹದಿನೇಳು ಒಡವೆ ಎಲ್ಲಿ ಇಟ್ಟಿರ್ತಾರೆ?” ಅಂತ ಕೇಳಿದ. ಕೇಳಿದ್ದರಲ್ಲಿ ಅವನ ತಪ್ಪೇನೂ ಇಲ್ಲ. ಆ ಕನ್ನಡ ಓದಿದ ಯಾರಿಗಾದರೂ ಹಾಗೇ ಅನಿಸುತ್ತದೆ.

ನನಗೆ ನಮ್ಮಪ್ಪನ ಎಚ್‌ಎಂಟಿ ವಾಚು ನೆನಪಾಯಿತು. ಅದರ ಮುಖದ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ‘17 ಜ್ಯುವೆಲ್ಸ್’ ಅಂತ ಇದೆ. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಯಾರಾದರೂ ಕೇಳಿದರೆ “ಇದು ಹದಿನೇಳು ಕಲ್ಲಿನ ವಾಚು ಕಣಪ್ಪ” ಅಂತ ಹೇಳುತ್ತಿದ್ದರು. ಸಂತೆಹೊಂಡದ ಹತ್ತಿರ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದ ರಿಪೇರಿಯವರ ಬಾಯಿಂದ ಅವರು ಕಲಿತ ಮಾತು ಅದು.

ನನ್ನ ಪ್ರಕಾರ ಅಪ್ಪನ ಮಾತೇ ಸರಿ. ಇಂಗ್ಲಿಷಿನ ಜ್ಯುವೆಲ್‌ಗೆ ಎರಡು ಅರ್ಥ ಇದೆ. ಮೈಮೇಲೆ ಹಾಕುವ ಒಡವೆಯೂ ಹೌದು, ಆ ಒಡವೆಯಲ್ಲಿ ಕೂರಿಸುವ ಹರಳೂ ಹೌದು. ಕನ್ನಡ ಈ ಎರಡನ್ನೂ ಬೇರೆ ಬೇರೆ ಇಟ್ಟಿದೆ. ಓಲೆ ಒಡವೆ, ಅದರಲ್ಲಿರುವುದು ಕಲ್ಲು. ‘ಏಳು ಕಲ್ಲಿನ ಓಲೆ’ ಅಂತೀವಿ, ‘ಬಿಳಿ ಕಲ್ಲಿನ ಮೂಗುತಿ’ ಅಂತೀವಿ. ಏಳು ಆಭರಣದ ಓಲೆ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಅದೇ ಜಾಡಿನಲ್ಲಿ ‘ಹದಿನೇಳು ಕಲ್ಲಿನ ವಾಚು’ ತಾನಾಗಿ ಹುಟ್ಟಿದೆ.

ಈ ಕಲ್ಲು ಅಂದಕ್ಕೆ ಇಟ್ಟದ್ದೂ ಅಲ್ಲ. ಕೀ ಕೊಡುವ ವಾಚಿನಲ್ಲಿ ಸಣ್ಣ ಸಣ್ಣ ಗಾಲಿಗಳು ಇರುತ್ತವೆ. ಅವುಗಳ ಅಚ್ಚು ಕೂದಲಿನಷ್ಟು ತೆಳು. ಆ ಅಚ್ಚು ಹಿತ್ತಾಳೆಯ ತೂತಿನಲ್ಲಿ ತಿರುಗಿದರೆ ತೂತು ಸವೆಯುತ್ತದೆ, ಟೈಮು ತಪ್ಪುತ್ತದೆ. ಅದಕ್ಕೇ ಮುಖ್ಯವಾದ ತೂತುಗಳಿಗೆ ಕಲ್ಲು ಕೂರಿಸುತ್ತಾರೆ. ಅಪ್ಪನ ವಾಚಿನಲ್ಲಿ ಟೈಮು ಅಳೆಯುವ ಬ್ಯಾಲೆನ್ಸ್ ಚಕ್ರ ಅತ್ತಿತ್ತ ಗಂಟೆಗೆ 18,000 ಸಲ ತೂಗುತ್ತದೆ, ಅಂದರೆ ಸೆಕೆಂಡಿಗೆ 5 ಸಲ. ದಿನಕ್ಕೆ ಲೆಕ್ಕ ಹಾಕಿದರೆ 4,32,000. ಇಷ್ಟು ಸಲ ಉಜ್ಜಿದರೂ ಸವೆಯದ ವಸ್ತು ಬೇಕಲ್ವಾ? ಕಲ್ಲಿಗೆ ತೂತು ಕೊರೆದು ಗಡಿಯಾರಕ್ಕೆ ಕೂರಿಸುವ ವಿದ್ಯೆಗೆ 1704ರಲ್ಲೇ ಲಂಡನ್ನಿನಲ್ಲಿ ಪೇಟೆಂಟ್ ಸಿಕ್ಕಿತ್ತು. ಆಗ ನಿಜವಾದ ಮಾಣಿಕ್ಯವನ್ನೇ ಕೊರೆಯುತ್ತಿದ್ದರು. 1902ರಲ್ಲಿ ಫ್ರಾನ್ಸಿನ ಆಗಸ್ಟ್ ವರ್ನ್ಯೂಯಿ ಉರಿಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ದಾರಿ ತೋರಿಸಿದ ಮೇಲೆ ಕಲ್ಲು ಅಗ್ಗವಾಯಿತು. ಅಪ್ಪನಂಥವರ ವಾಚಿನೊಳಗೂ ಮಾಣಿಕ್ಯ ಬಂದದ್ದು ಹಾಗೆ.

ಇನ್ನು ‘ನೀಲಮಣಿ ಗಾಜು’. ಇದು ನನಗೆ ಜಾಸ್ತಿ ಬೇಸರ ತಂದ ಪದ. ಸಫೈರ್ ಅಂದರೆ ನೀಲ ಅಂತ ನಿಘಂಟು ಹೇಳುತ್ತದೆ, ಸರಿ. ಆದರೆ ವಾಚಿನ ಮೇಲೆ ಹಾಕುವ ಸಫೈರ್‌ಗೆ ಬಣ್ಣವೇ ಇಲ್ಲ, ನೀರಿನ ಹಾಗೆ ತಿಳಿಯಾಗಿರುತ್ತದೆ. ಮಾಣಿಕ್ಯ, ನೀಲ, ಈ ಬಣ್ಣವಿಲ್ಲದ ಸಫೈರ್ ಎಲ್ಲವೂ ಒಂದೇ ಖನಿಜ. ಇಂಗ್ಲಿಷಿನಲ್ಲಿ ಅದು ಕೊರಂಡಮ್. ಆ ಪದ ಇಂಗ್ಲಿಷಿನದ್ದೇ ಅಲ್ಲ, ತಮಿಳಿನ ‘ಕುರುಂದಂ’ನಿಂದ ಹೋದದ್ದು. ಸಂಸ್ಕೃತದ ಕುರುವಿಂದವೂ ಇದರ ನಂಟೇ. ಕನ್ನಡದಲ್ಲಿ ಕುರುಂದ ಅಂತೀವಿ. ಹಿಂದೆ ಸಾಣೆ ಹಿಡಿಯುವ ಚಕ್ರಕ್ಕೆ ಅರಗಿನ ಜೊತೆ ಕುರುಂದದ ಪುಡಿ ಬೆರೆಸುತ್ತಿದ್ದರು. ವಜ್ರ ಬಿಟ್ಟರೆ ಅಷ್ಟು ಗಟ್ಟಿ ಇರುವ ಖನಿಜ ಅದು. ನಮ್ಮ ರಸ್ತೆಯ ಧೂಳಿನಲ್ಲಿರುವ ಮರಳಿನ ಕಣ ಸಾಮಾನ್ಯ ಗಾಜನ್ನು ಗೀರುತ್ತದೆ, ಕುರುಂದವನ್ನು ಗೀರಲಾರದು. ವಾಚು ಕೊಳ್ಳುವವನಿಗೆ ಬೇಕಾದ ಮಾತು ಇದು. ‘ಕುರುಂದದ ಗಾಜು’ ಅಂದರೆ ಗಟ್ಟಿತನ ಪದದಲ್ಲೇ ಬರುತ್ತದೆ. ‘ನೀಲಮಣಿ’ ಅಂದರೆ ಸುಮ್ನೆ ಬಣ್ಣದ ಭ್ರಮೆ ಹುಟ್ಟುತ್ತದೆ.

ಮೂರನೆಯ ಕಲ್ಲು ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಕ್ವಾರ್ಟ್ಜ್ ಅಂದರೆ ಬೆಣಚುಕಲ್ಲು. ದುರ್ಗದ ಸುತ್ತ ಹೊಲಗಳಲ್ಲಿ ಬೆಳ್ಳಗೆ ಬಿದ್ದಿರುತ್ತದಲ್ಲ, ಅದೇ. ಚಿಕ್ಕವರಿದ್ದಾಗ ರಾತ್ರಿ ಕಂಬಳಿಯೊಳಗೆ ಕೂತು ಎರಡು ಬೆಣಚುಕಲ್ಲು ಉಜ್ಜುತ್ತಿದ್ದೆವು. ಒಳಗಿಂದ ಮಂಕಾಗಿ ಬೆಳಕು ಬರುತ್ತಿತ್ತು. ಆ ಕಲ್ಲನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ 1880ರಲ್ಲಿ ಕ್ಯೂರಿ ಸೋದರರು ಕಂಡುಹಿಡಿದರು. ವಿದ್ಯುತ್ ಕೊಟ್ಟರೆ ಅದು ಅದುರುತ್ತದೆ. ಬ್ಯಾಟರಿ ವಾಚು ನಡೆಯುವುದು ಈ ಅದುರಿನ ಮೇಲೆ. ಈಗಿನ ವಾಚುಗಳಲ್ಲಿ ಸೆಕೆಂಡಿಗೆ 32,768 ಸಲ ಅದುರುವ ಹಾಗೆ ಹರಳನ್ನು ಕತ್ತರಿಸಿರುತ್ತಾರೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತಾ ಹೋಗಿ, ಸರಿಯಾಗಿ 1 ಬರುತ್ತದೆ. ಅದೇ ಒಂದು ಸೆಕೆಂಡು! ಬೆಣಚುಕಲ್ಲಿನ ಹರಳಿನಿಂದ ನಡೆಯುವ ಮೊದಲ ಕೈಗಡಿಯಾರವನ್ನು ಜಪಾನಿನ ಸೀಕೋ 1969ರ ಡಿಸೆಂಬರ್ 25ರಂದು ಮಾರಾಟಕ್ಕೆ ಇಟ್ಟಿತು. ವಾಚಿಗೆ ಹಾಕುವುದು ಹೊಲದ ಕಲ್ಲಲ್ಲ, ಕಾರ್ಖಾನೆಯಲ್ಲಿ ಬೆಳೆಸಿದ ಹರಳು. ಆದರೂ ಜಾತಿ ಒಂದೇ. ಮಕ್ಕಳಿಗೆ ‘ಬೆಣಚುಕಲ್ಲಿನ ಗಡಿಯಾರ’ ಅಂತ ಹೇಳಿ ನೋಡಿ, ಕಣ್ಣು ಅರಳುತ್ತದೆ.

ಇದರ ಜೊತೆಗೇ ಇನ್ನೊಂದು ಮಾತು. ಅಪ್ಪ ದಿನಾ ಬೆಳಿಗ್ಗೆ ವಾಚಿಗೆ ‘ಕೀ ಕೊಡುತ್ತಿದ್ದರು’. ದಾವಣಗೆರೆಯಲ್ಲಿ ನಮ್ಮ ಅತ್ತೆಯ ಮನೆಯಲ್ಲಿ ಅದೇ ಕೆಲಸಕ್ಕೆ ‘ಚಾವಿ ಕೊಡೋದು’ ಅಂತಾರೆ. (ಚಾವಿ ಪೋರ್ಚುಗೀಸರಿಂದ ಬಂದ ಪದ.) ಆದರೆ ಕೈಗಡಿಯಾರಕ್ಕೆ ಕೀ ಎಲ್ಲಿದೆ? ಇರುವುದು ಪಕ್ಕದಲ್ಲಿ ಒಂದು ತಿರುಪು ಅಷ್ಟೇ. ಹಳೆಯ ಜೇಬುಗಡಿಯಾರಗಳಿಗೆ ನಿಜವಾಗಿಯೂ ಬೇರೆ ಕೀ ಇರುತ್ತಿತ್ತು. ಅದನ್ನು ತೂತಿಗೆ ಹಾಕಿ ತಿರುಗಿಸಬೇಕಿತ್ತು. 1840ರ ದಶಕದಲ್ಲಿ ಏಡ್ರಿಯನ್ ಫಿಲಿಪ್ ಎಂಬ ಕುಶಲಿ ತಿರುಪಿನಿಂದಲೇ ಸ್ಪ್ರಿಂಗ್ ಬಿಗಿಯುವ ವಿಧಾನ ತಂದ ಮೇಲೆ ಕೀ ಮೂಲೆ ಸೇರಿತು. ವಸ್ತು ಹೋದರೂ ಮಾತು ನಮ್ಮ ಬಾಯಲ್ಲಿ ಉಳಿದಿದೆ. ‘ಕಟ್ಟು’ ಕೂಡ ಹಾಗೇ ಒಳ್ಳೆಯ ಮಾತು. ಜಾಹೀರಾತಿನವರು ‘ವಾಚು ಧರಿಸಿ’ ಅಂತ ಬರೆಯುತ್ತಾರೆ. ನಾವು ವಾಚು ಕಟ್ಟಿಕೊಳ್ಳುತ್ತೇವೆ. ಮೊದಲ ಮಹಾಯುದ್ಧದಲ್ಲಿ ಸೈನಿಕರು ಜೇಬಿಗೆ ಕೈ ಹಾಕಲು ಪುರುಸೊತ್ತಿಲ್ಲದೆ ಗಡಿಯಾರವನ್ನು ಮಣಿಕಟ್ಟಿಗೆ ಪಟ್ಟಿಯಿಂದ ಕಟ್ಟಿಕೊಂಡರು. ಗಂಡಸರಲ್ಲಿ ಈ ರೂಢಿ ಹಬ್ಬಿದ್ದೇ ಆಗ.

ಕೊನೆಗೆ ಲಕ್ಷ್ಮೀ ಬಜಾರ್ ಕಡೆ ಹೋಗಿ ವಾಚು ತಗೊಂಡೆವು. ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಕಲ್ಲು ಜಾಸ್ತಿ ಇದ್ದರೆ ವಾಚು ಮೇಲು ಅಂತ ಅಲ್ಲ. ಕೀ ಕೊಡುವ ವಾಚಿಗೆ ಹದಿನೇಳು ಸಾಕು. ಕೈ ಅಲುಗಾಟದಿಂದ ತಾನೇ ಕೀ ಕೊಟ್ಟುಕೊಳ್ಳುವ ಆಟೋಮ್ಯಾಟಿಕ್‌ಗೆ ಇನ್ನಷ್ಟು ಬೇಕಾಗುತ್ತದೆ, ಅದರಲ್ಲಿ ತಿರುಗುವ ಭಾಗ ಜಾಸ್ತಿ. ಟೈಮು ಕರಾರುವಾಕ್ಕಾಗಿ ಬೇಕಿದ್ದರೆ ಬೆಣಚುಕಲ್ಲಿನದ್ದೇ ತಗೋ. ‘30 ಮೀಟರ್’ ಅಂತ ಬರೆದಿದ್ದರೆ ಕೈ ತೊಳೆಯುವಾಗ ಸಿಡಿದ ನೀರಿಗೆ ಮಾತ್ರ, ಬಾವಿಗೆ ಹಾರಲು ಅಲ್ಲ. ಊರಲ್ಲಿ ಬಿಚ್ಚಿ ರಿಪೇರಿ ಮಾಡುವವರು ಇದ್ದಾರಾ ಅಂತ ಕೇಳಿಕೋ. ಅವನು ಕೀ ಕೊಡುವುದನ್ನೇ ಆರಿಸಿದ. ನನಗೆ ತುಂಬ ಖುಷಿಯಾಯಿತು.

ಈಗ ನನ್ನ ಪ್ರಶ್ನೆಗಳು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು. ಆಮೇಲೆ ನಮ್ಮ ಪಕ್ಕದ ತುಮಕೂರಿನಲ್ಲೂ ಕಾರ್ಖಾನೆ ಬಂತು. ಅಲ್ಲಿ ಎಷ್ಟೋ ಕನ್ನಡದ ಹೆಣ್ಣುಮಕ್ಕಳು, ಗಂಡುಮಕ್ಕಳು ಈ ಕಲ್ಲುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸಿದ್ದಾರೆ. ಕೆಲಸದ ನಡುವೆ ಅವರು ಅದನ್ನು ಏನಂತ ಕರೆಯುತ್ತಿದ್ದರು? ಕಲ್ಲು ಅಂತಲೋ, ಹರಳು ಅಂತಲೋ, ಜ್ಯುವೆಲ್ ಅಂತಲೇನೋ? ಪಕ್ಕದ ತಿರುಪಿಗೆ ಅವರ ಬಾಯಲ್ಲಿ ಯಾವ ಹೆಸರಿತ್ತು? ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಅಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಕೇಳಿ ತಿಳಿಸಿ. ಅವರು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.