ತೂಕ ಹೆಚ್ಚಿರುವಾಗ ಗರ್ಭಧರಿಸಿದರೆ ಮಗುವಿನ ಜೀವಕ್ಕೆ ಅಪಾಯವಿದೆಯೇ?

ಪ್ರಶ್ನೆ (ಚಿಂತಾಮಣಿಯಿಂದ)

ನನಗೆ 27 ವರ್ಷ, ಎತ್ತರ 154 ಸೆಂ.ಮೀ., ತೂಕ 78 ಕಿಲೋ. ಮದುವೆಯಾಗಿ ಎರಡು ವರ್ಷವಾಗಿದ್ದು, ಈಗ ಮಗು ಬೇಕೆಂದು ನಿರ್ಧರಿಸಿದ್ದೇವೆ. ಮೊನ್ನೆ ತೋರಿಸಿಕೊಳ್ಳಲು ಹೋದಾಗ ವೈದ್ಯರು ಮೊದಲು ತೂಕ ಇಳಿಸಿ ಬನ್ನಿ ಎಂದಷ್ಟೇ ಹೇಳಿ ಕಳುಹಿಸಿದರು. ತಾಯಿ ಮೈತುಂಬಿಕೊಂಡಿದ್ದರೇ ಮಗು ಗಟ್ಟಿಯಾಗಿ ಹುಟ್ಟುತ್ತದೆ ಎಂಬುದು ಅತ್ತೆಯವರ ಮಾತು. ಆದರೆ ನನ್ನಂಥದೇ ಮೈಕಟ್ಟಿನ ನನ್ನ ವಾರಗಿತ್ತಿಯ ಮಗು ಹೋದ ವರ್ಷ ಹುಟ್ಟಿದ ಮೂರನೆಯ ದಿನವೇ ತೀರಿಕೊಂಡಿತು. ಅಂದಿನಿಂದ ನನಗೆ ಭಯ ಹಿಡಿದಿದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ತುಮಕೂರಿನಿಂದ)

ಹೆರಿಗೆ ವಾರ್ಡಿನಲ್ಲಿ ಹಲವು ವರ್ಷ ಶುಶ್ರೂಷಕಿಯಾಗಿದ್ದೆ. ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಎಷ್ಟಿದೆ ಎಂದು ತಿಳಿಸುವ ಅಳತೆ) ಸುಮಾರು 33 ಆಗುತ್ತದೆ. ಭಾರತೀಯರಿಗೆ 25 ದಾಟಿದರೇ ಬೊಜ್ಜು ಎಂದು ಪರಿಗಣಿಸುತ್ತಾರೆ. ಅಪಾಯ ಇರುವುದು ನಿಜ, ಆದರೆ ಅದರ ಅಳತೆಯನ್ನೂ ತಿಳಿದುಕೊಳ್ಳಿ. ಸ್ವೀಡನ್ನಿನಲ್ಲಿ 1992ರಿಂದ 2010ರವರೆಗಿನ ಸುಮಾರು 18 ಲಕ್ಷ ಜನನಗಳನ್ನು ಪರಿಶೀಲಿಸಿದಾಗ, ಸಹಜ ತೂಕದ ತಾಯಂದಿರಿಗೆ ಹುಟ್ಟಿದ ಸಾವಿರ ಮಕ್ಕಳಲ್ಲಿ 2.4 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದರೆ, ಬಿಎಂಐ 40 ಮತ್ತು ಅದಕ್ಕಿಂತ ಹೆಚ್ಚಿದ್ದ ತಾಯಂದಿರಲ್ಲಿ ಆ ಸಂಖ್ಯೆ 5.8 ಆಗಿತ್ತು. ಎರಡು ಪಟ್ಟಿಗೂ ಹೆಚ್ಚು ಎಂಬುದು ಹಗುರವಾದ ಮಾತಲ್ಲ. ಹಾಗಿದ್ದೂ ಆ ಗುಂಪಿನಲ್ಲಿಯೂ ಸಾವಿರಕ್ಕೆ 994 ಮಕ್ಕಳು ಬದುಕಿದ್ದವು.

ತಾಯಿಯ ಬೊಜ್ಜಿನಿಂದ ಗರ್ಭಿಣಿಯರ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅವಧಿಗೆ ಮುನ್ನ ಹೆರಿಗೆ, ಹುಟ್ಟು ನ್ಯೂನತೆ ಇವುಗಳ ಸಾಧ್ಯತೆ ಹೆಚ್ಚುತ್ತದೆ. ಸಕ್ಕರೆ ಹತೋಟಿಯಲ್ಲಿರದೆ ಮಗು ತೀರಾ ದಪ್ಪವಾದರೆ, ಹೆರಿಗೆಯ ವೇಳೆ ಭುಜ ಸಿಕ್ಕಿಕೊಂಡು ಉಸಿರುಗಟ್ಟುವ ಸಂಭವವಿರುತ್ತದೆ. ಆದ್ದರಿಂದ ಮಗುವಿನ ತೂಕ ನೋಡಿ ಗಟ್ಟಿ ಎನ್ನಲಾಗದು ಎಂಬುದನ್ನು ಅತ್ತೆಯವರಿಗೆ ಸಮಾಧಾನವಾಗಿ ತಿಳಿಸಿ. ಹೊಟ್ಟೆಯ ಕೊಬ್ಬಿನಿಂದಾಗಿ ಸ್ಕ್ಯಾನಿಂಗ್‌ನಲ್ಲಿ ಮಗು ಸ್ಪಷ್ಟವಾಗಿ ಕಾಣದಿರುವುದೂ ಉಂಟು.

ಉತ್ತರ 2 (ಮಾಲೂರಿನಿಂದ)

ನಾನೂ ಇದೇ ಭಯವನ್ನು ಅನುಭವಿಸಿದವಳು. ಎಂಟು ತಿಂಗಳಲ್ಲಿ 81 ಕಿಲೋದಿಂದ 74ಕ್ಕೆ ಇಳಿದ ಮೇಲೆ ಗರ್ಭಿಣಿಯಾದೆ. ಮುದ್ದೆಯನ್ನು ಬಿಡಲಿಲ್ಲ, ಗಾತ್ರವನ್ನು ಅರ್ಧಕ್ಕಿಳಿಸಿ ಸೊಪ್ಪಿನ ಸಾರು, ಕಾಳು ಹೆಚ್ಚಿಸಿಕೊಂಡೆ. ಕಾಫಿಗೆ ಸಕ್ಕರೆ ಹಾಕುವುದನ್ನು ನಿಲ್ಲಿಸಿ, ದಿನವೂ ಮುಕ್ಕಾಲು ಗಂಟೆ ನಡೆದೆ. ಸಹಜ ತೂಕಕ್ಕೆ ಬರಲಿಲ್ಲ, ಆದರೂ ಮಗಳು ಆರೋಗ್ಯವಾಗಿದ್ದಾಳೆ. ಗರ್ಭ ನಿಂತ ಮೇಲೆ ಮಾತ್ರ ಉಪವಾಸ ಮಾಡಿ ತೂಕ ಇಳಿಸಲು ಹೋಗಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ವಾರಗಿತ್ತಿಯ ಮಗು ಹೋಗಿದ್ದು ಅವರ ತೂಕದಿಂದಲೇ? ಅವರು ಒಳಗೊಳಗೇ ತಮ್ಮನ್ನು ಹಳಿದುಕೊಳ್ಳುತ್ತಿದ್ದಾರೆ.

ಉತ್ತರ (ತುಮಕೂರಿನಿಂದ)

ಹಾಗೆ ಹೇಳಲು ಯಾರಿಗೂ ಸಾಧ್ಯವಿಲ್ಲ, ಹಾಗೆ ಹೇಳಲೂಬಾರದು. ಸಾವಿರಾರು ತಾಯಂದಿರ ಲೆಕ್ಕದಲ್ಲಿ ಕಾಣುವ ಅಪಾಯವನ್ನು ಒಬ್ಬ ತಾಯಿಯ ತಪ್ಪೆಂದು ಹೊರಿಸುವುದು ಅನ್ಯಾಯ. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಅವರಿಗೆ ಕೊಟ್ಟ ಬಿಡುಗಡೆ ಚೀಟಿಯನ್ನು ಜೋಪಾನವಾಗಿಟ್ಟುಕೊಂಡು, ಮುಂದಿನ ಗರ್ಭಕ್ಕೆ ಮೊದಲೇ ತಜ್ಞರಿಗೆ ತೋರಿಸಲಿ.

ನೀವು ಈಗಲೇ ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್ ಪರೀಕ್ಷೆ ಮಾಡಿಸಿ; ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭಧರಿಸುವ ಒಂದು ತಿಂಗಳಾದರೂ ಮೊದಲು ಆರಂಭಿಸಬೇಕು, ಪ್ರಮಾಣವನ್ನು ವೈದ್ಯರಲ್ಲಿ ಕೇಳಿ. ಗರ್ಭ ನಿಂತ ಮೇಲೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಮಾಡುವ ಪರೀಕ್ಷೆಯನ್ನು ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ತೆಗೆದುಕೊಂಡು ಹೋಗಿ.